ಗೋಡೆ ಬಡಿದವನು ಯಾರು?

ಹೊಸದಾಗಿ ಕೆಲಸಕ್ಕೆ ಸೇರಿದ ಇಂಗ್ಲಿಷ್ ಉಪನ್ಯಾಸಕರು ಆಗಾಗ ಶ್ರೀರಂಗಪಟ್ಟಣದ ನಮ್ಮ ಮನೆಗೆ ಬರುತ್ತಾರೆ. ಕಾಫಿ ಕುಡಿಯುತ್ತಾ ಅವರು ಕೇಳುವುದು ಎರಡೇ ಮಾತು: ಸಿಲಬಸ್ ಮುಗಿಸುವುದು ಹೇಗೆ, ಹಳ್ಳಿ ಮಕ್ಕಳನ್ನು ಪಾಸು ಮಾಡಿಸುವುದು ಹೇಗೆ. ಇನ್ಯಾವುದೋ ದೇಶದ ಕಥೆಯನ್ನು ಈ ಮಕ್ಕಳಿಗೆ ಯಾಕಾದರೂ ಕಲಿಸಬೇಕು ಎಂದು ಇದುವರೆಗೆ ಒಬ್ಬರೂ ಕೇಳಿಲ್ಲ. ಅದಕ್ಕೇ ನನಗೆ ಸಿಟ್ಟು. ಆ ಸಿಟ್ಟಿನಲ್ಲಿಯೇ ಇದನ್ನು ಬರೆಯುತ್ತಿದ್ದೇನೆ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಬೀಳ್ಕೊಡುವಾಗ ಯಾರು ಶಾಲು ಹೊದಿಸಿದರು ಎಂಬುದೆಲ್ಲ ಕಟ್ಟಿಕೊಂಡು ನಿಮಗೆ ಆಗಬೇಕಾದ್ದು ಏನೂ ಇಲ್ಲ.

ನಾನು ದುಡಿದದ್ದು ಒಂದು ಖಾಸಗಿ ಆಡಳಿತ ಮಂಡಳಿಯ ಕಾಲೇಜುಗಳಲ್ಲಿ. ಕೆ.ಆರ್. ಪೇಟೆ, ನಾಗಮಂಗಲ, ಪಾಂಡವಪುರ, ಮೂರು ಕಡೆಯೂ ಅವರ ಕಾಲೇಜಿತ್ತು. ಮನಸ್ಸಿಗೆ ಬಂದಾಗ ನಮ್ಮನ್ನು ಒಂದರಿಂದ ಇನ್ನೊಂದಕ್ಕೆ ಎತ್ತಿಹಾಕುತ್ತಿದ್ದರು. ಈಗ ಆ ಮಂಡಳಿಯೂ ಇಲ್ಲ, ಆ ಕಾಲೇಜುಗಳೂ ಇಲ್ಲ. ಹೆಸರು ಬೇಡ.

ತೊಂಬತ್ತರ ದಶಕದ ಮೊದಲಲ್ಲಿ ಕೆ.ಆರ್. ಪೇಟೆಯಲ್ಲಿದ್ದೆ. ಬಿ.ಎ. ಪಠ್ಯದಲ್ಲಿ ಒಂದು ಹಳೆಯ ಇಂಗ್ಲಿಷ್ ಭಯದ ಕಥೆ ಇಟ್ಟಿದ್ದರು. ಗಾಥಿಕ್ ಎನ್ನುತ್ತಾರಲ್ಲ, ಆ ಜಾತಿಯದು: ಒಂಟಿ ಬಂಗಲೆ, ಸದ್ದು ಮಾಡುವ ಗೋಡೆ, ಒಳಗೊಳಗೇ ಕುದಿಯುವ ಸೇಡು. ಕಥೆ ಹೇಳುವವನು ಆ ಬಂಗಲೆಯ ಮೇಲ್ವಿಚಾರಕ. ಅಲ್ಲಿಗೆ ಒಬ್ಬ ಚಿತ್ರಕಾರ ಅತಿಥಿಯಾಗಿ ಬರುತ್ತಾನೆ. ಮೇಲ್ವಿಚಾರಕ ತಾನು ಬರೆದ ಪದ್ಯವನ್ನು ಊಟದ ಮೇಜಿನಲ್ಲಿ ಓದಿದಾಗ ಅತಿಥಿ ನಕ್ಕುಬಿಡುತ್ತಾನೆ. ಅವತ್ತಿನಿಂದ ಅತಿಥಿಯ ಕೋಣೆಯ ಗೋಡೆಯೊಳಗೆ ಯಾರೋ ಬಡಿಯುವ ಸದ್ದು. ಅವನು ನಿದ್ದೆಗೆಡುತ್ತಾನೆ, ಸೊರಗುತ್ತಾನೆ, ಬುದ್ಧಿ ಕಳೆದುಕೊಂಡು ಸಾಯುತ್ತಾನೆ. ಇದೆಲ್ಲವನ್ನೂ ಮೇಲ್ವಿಚಾರಕ ಅಳುತ್ತಾ ಹೇಳುತ್ತಾನೆ. ದಿನವೂ ಚಹಾ ಮಾಡಿ ಕೊಟ್ಟವನು ನಾನು, ಅವನ ಕಾಲು ಒತ್ತಿದವನು ನಾನು, ನನ್ನಷ್ಟು ಅವನನ್ನು ಪ್ರೀತಿಸಿದವರು ಯಾರಿದ್ದಾರೆ ಎನ್ನುತ್ತಾನೆ. ಆ ಗೋಡೆಯ ಹಿಂದೆ ಒಂದು ಇಕ್ಕಟ್ಟಾದ ಓಣಿ ಇತ್ತು, ಅದರ ಬೀಗದ ಕೈ ತನ್ನೊಬ್ಬನ ಸೊಂಟದಲ್ಲಿತ್ತು ಎಂಬುದನ್ನೂ ನಡುವೆ ಎಲ್ಲೋ ಬಾಯಿತಪ್ಪಿ ಹೇಳಿಬಿಟ್ಟಿರುತ್ತಾನೆ.

ಅಂಗಡಿಯಲ್ಲಿ ಸಿಗುತ್ತಿದ್ದ ಗೈಡಿನಲ್ಲಿ ಈ ಕಥೆಯ ಸಾರಾಂಶ ಏನಿತ್ತು ಗೊತ್ತೆ? ‘ಇದು ಒಬ್ಬ ನಿಷ್ಠಾವಂತ ಸೇವಕನ ಹೃದಯಸ್ಪರ್ಶಿ ಕಥೆ.’ ನಮ್ಮ ವಿಭಾಗದ ಮುಖ್ಯಸ್ಥರು ಅದನ್ನೇ ಅಕ್ಷರ ಬಿಡದೆ ಬರೆಸುತ್ತಿದ್ದರು. ಮಕ್ಕಳೂ ಅದನ್ನೇ ನಂಬಿದ್ದರು. ನಾನು ತರಗತಿಯಲ್ಲಿ ಒಂದು ಸಾಲು ಇಂಗ್ಲಿಷಿನಲ್ಲಿ ಓದುವುದು, ಅದನ್ನೇ ಕನ್ನಡದಲ್ಲಿ ಹೇಳುವುದು, ಹೀಗೆ ಮುಂದುವರಿಸಿ ಬೀಗದ ಕೈ ಇರುವ ಸಾಲಿಗೆ ಬಂದು ನಿಂತೆ. ಯಾರಿಗಾದರೂ ಏನಾದರೂ ಅನ್ನಿಸಿತೇ ಎಂದು ಕೇಳಿದೆ. ಕೊನೆಯ ಬೆಂಚಿನಲ್ಲಿ ಅಸ್ಲಂ ಎಂಬ ಹುಡುಗನಿದ್ದ. ಅವನ ತಂದೆಯದು ಬಸ್ ಸ್ಟ್ಯಾಂಡಿನ ಪಕ್ಕ ಬೀಗ ರಿಪೇರಿ. ಅವನು ಎದ್ದು ನಿಂತು, “ಮಿಸ್, ಗೋಡೆ ಬಡ್ದೋನು ಇವ್ನೇ ಅಲ್ವಾ?” ಎಂದ. ತರಗತಿ ಗೊಳ್ಳೆಂದಿತು. ಆಮೇಲೆ ಒಬ್ಬೊಬ್ಬರಾಗಿ ನಗು ನಿಲ್ಲಿಸಿ ಪುಸ್ತಕದ ಹಿಂದಿನ ಪುಟಗಳನ್ನು ತಿರುವಿ ನೋಡತೊಡಗಿದರು. ನನ್ನ ವೃತ್ತಿಯಲ್ಲಿ ಅಷ್ಟು ಸಂತೋಷದ ಸದ್ದನ್ನು ನಾನು ಬೇರೆ ಕೇಳಿಲ್ಲ.

ಅಲ್ಲಿಂದ ಮುಂದೆ ನನ್ನ ಪಾಠದ ರೀತಿಯೇ ಬದಲಾಯಿತು. ಒಬ್ಬ ವಿದ್ಯಾರ್ಥಿ ಕುರ್ಚಿಯಲ್ಲಿ ಮೇಲ್ವಿಚಾರಕನಾಗಿ ಕೂರುವುದು, ಉಳಿದವರು ಅವನನ್ನು ಪ್ರಶ್ನಿಸುವುದು. ನೀನು ಕಂಡದ್ದು ಎಷ್ಟು, ಕೇಳಿದ್ದು ಎಷ್ಟು? ಅತಿಥಿಯ ಮನಸ್ಸಿನಲ್ಲಿ ಇದ್ದದ್ದು ನಿನಗೆ ಹೇಗೆ ಗೊತ್ತು? ಈ ಕಥೆ ಹೀಗೇ ಇದ್ದರೆ ನಿನಗೇನು ಲಾಭ? ಒಮ್ಮೆ ವಾತಾವರಣ ಬರಲಿ ಎಂದು ಕಿಟಕಿಗಳನ್ನೆಲ್ಲ ಮುಚ್ಚಿಸಿ, ಒಬ್ಬ ಹುಡುಗನ ಕೈಯಲ್ಲಿ ಗೋಡೆ ಬಡಿಸಿದೆ. ಪಕ್ಕದ ಕೋಣೆಯಲ್ಲಿ ಪಾಠ ಮಾಡುತ್ತಿದ್ದ ವಾಣಿಜ್ಯದ ಮೇಷ್ಟ್ರು ತಮ್ಮನ್ನೇ ಕರೆಯುತ್ತಿದ್ದಾರೆಂದು ಓಡಿಬಂದು, ಕತ್ತಲಲ್ಲಿ ಬೆಂಚು ಎಡವಿ ಬಿದ್ದರು. ಮುಖ್ಯಸ್ಥರು ನನ್ನನ್ನು ಕರೆಸಿ, ಪರೀಕ್ಷೆಗೆ ಬೇಡದ್ದು ಮಕ್ಕಳಿಗೂ ಬೇಡ ಎಂದರು. ಬಿದ್ದ ಮೇಷ್ಟ್ರ ಬಗ್ಗೆ ನನಗೂ ಬೇಸರವಿತ್ತು. ಮುಖ್ಯಸ್ಥರ ಆ ಮಾತಿನ ಬಗ್ಗೆ ಇದ್ದದ್ದು ಅಸಹ್ಯ.

ನಾಗಮಂಗಲಕ್ಕೆ ವರ್ಗವಾಯಿತು. ಅಲ್ಲಿಯ ಪ್ರಿನ್ಸಿಪಾಲರು ಸೌಮ್ಯ ಮನುಷ್ಯ, ಕೈಮುಗಿದೇ ಮಾತಾಡುತ್ತಿದ್ದರು. ಆದರೆ ಸೇರಿದ ವಾರವೇ, ದೆವ್ವ ಭೂತದ ಕಥೆಯನ್ನು ತರಗತಿಯಲ್ಲಿ ಬಹಳ ಎಳೆದಾಡಬೇಡಿ, ಇದು ವಿಜ್ಞಾನದ ಕಾಲ ಎಂದು ನನಗೆ ಬುದ್ಧಿ ಹೇಳಿದ್ದರು. ಈ ಮಾತನ್ನು ಓದುವವರು ಸ್ವಲ್ಪ ನೆನಪಿನಲ್ಲಿಡಬೇಕು.

ಎರಡನೇ ಬಿ.ಎ.ಯಲ್ಲಿ ಭಾಗ್ಯ ಎಂಬ ಹುಡುಗಿ ಇದ್ದಳು. ಬೆಳ್ಳೂರು ಕ್ರಾಸಿನಲ್ಲಿ ಇಳಿದು ಒಳಗೆ ನಡೆದುಹೋಗಬೇಕಾದ ಒಂದು ಹಳ್ಳಿ. ಅಪ್ಪನಿಗೆ ಜಮೀನು, ಮನೆಯಲ್ಲಿ ಹಸುಗಳು. ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬಸ್ಸು ಹತ್ತುತ್ತಿದ್ದಳು. ಮೇಲ್ವಿಚಾರಕನನ್ನು ಪ್ರಶ್ನಿಸುವ ಆಟದಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ದನಿ ಎತ್ತುತ್ತಿರಲಿಲ್ಲ. ಒಂದು ಪ್ರಶ್ನೆ ಕೇಳಿ ಸುಮ್ಮನೆ ಕಾಯುತ್ತಿದ್ದಳು. ಕುರ್ಚಿಯಲ್ಲಿ ಕೂತವನು ತಾನಾಗಿ ತಡವರಿಸಬೇಕು, ಅಲ್ಲಿಯವರೆಗೆ.

ಆ ವರ್ಷ ಅವಳು ಇದ್ದಕ್ಕಿದ್ದಂತೆ ಬರುವುದು ನಿಂತಿತು. ಹದಿನೈದು ದಿನವಾದ ಮೇಲೆ ಪ್ರಿನ್ಸಿಪಾಲರ ಕೋಣೆಯಿಂದ ನನಗೆ ಕರೆ ಬಂತು. ಒಳಗೆ ಇಬ್ಬರಿದ್ದರು. ಒಬ್ಬರು ಭಾಗ್ಯಳ ಅಪ್ಪ, ತಲೆ ತಗ್ಗಿಸಿ ಕೂತಿದ್ದರು. ಇನ್ನೊಬ್ಬ ಅವಳ ಸೋದರಮಾವ ಶಿವಣ್ಣ, ತಾಯಿಯ ತಮ್ಮ. ಬೆಳ್ಳೂರು ಕ್ರಾಸಿನಲ್ಲಿ ಹೋಟೆಲು ಇಟ್ಟಿದ್ದವನು, ಮೂವತ್ತರ ಆಸುಪಾಸು, ಬಿಳಿ ಅಂಗಿ, ಒಳ್ಳೆಯ ಮಾತುಗಾರ. ಅವನು ಕಥೆ ಶುರುಮಾಡಿದ.

ಅವನ ತಂದೆ, ಅಂದರೆ ಭಾಗ್ಯಳ ತಾತ, ಹಿಂದಿನ ವರ್ಷ ತೀರಿಕೊಂಡಿದ್ದರು. ಆ ತಾತ ಈಗ ಭಾಗ್ಯಳ ಮೈಮೇಲೆ ಬರುತ್ತಿದ್ದಾರೆ ಎಂಬುದು ಅವನ ಹೇಳಿಕೆ. ಸಂಜೆ ಕಾಲೇಜಿಂದ ಬರುವಾಗ ಹುಡುಗಿ ಬಾವಿಕಟ್ಟೆಯ ಮೇಲೆ ಒಬ್ಬಳೇ ಕೂತಿದ್ದಳಂತೆ. ಕೂದಲು ಬಿಚ್ಚಿತ್ತಂತೆ. ಇವನು ಹತ್ತಿರ ಹೋದಾಗ ಗಂಡಸಿನ ದಪ್ಪ ದನಿಯಲ್ಲಿ, ಶಿವಣ್ಣಾ, ಈ ಮಗುವನ್ನು ಹೊಸ್ತಿಲು ದಾಟಿಸಬೇಡ, ದಾಟಿಸಿದರೆ ನಾನು ಕರೆದುಕೊಂಡು ಹೋಗುತ್ತೇನೆ ಎಂದಳಂತೆ. ಅವಳ ಎದೆಯೊಳಗೆ ಎಂಥ ನಡುಕ ಹುಟ್ಟಿತ್ತು, ಅವಳ ಮನಸ್ಸು ಹೇಗೆ ಬಾವಿಯ ಕಡೆಗೇ ಎಳೆಯುತ್ತಿತ್ತು ಎಂದು ಅವನು ಬಣ್ಣಿಸಿದ. ತಾನು ಅವಳನ್ನು ಎತ್ತಿಕೊಂಡು ಮನೆಗೆ ಬಂದದ್ದು, ಅನ್ನ ನೀರು ಬಿಟ್ಟು ಕಾವಲು ಕೂತದ್ದು, ಎಲ್ಲ ಬಂತು. ಕೊನೆಗೆ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿ, “ಮೇಡಮ್ಮೋರು ಬ್ಯಾಸ್ರ ಮಾಡ್ಕಬಾರ್ದು. ಆ ದೆವ್ವದ ಪಾಠ ಓದ್ದಾಗಿಂದ್ಲೇ ಇಂಗಾಗಿರಾದು” ಎಂದ.

ಅವನು ಚೆನ್ನಾಗಿ ಹೇಳಿದ, ಅದನ್ನು ಒಪ್ಪಬೇಕು. ನನಗೂ ಒಂದು ಗಳಿಗೆ ಮೈ ಜುಮ್ಮೆಂದಿತು. ಆದರೆ ವಿಜ್ಞಾನದ ಕಾಲ ಎಂದಿದ್ದ ನಮ್ಮ ಪ್ರಿನ್ಸಿಪಾಲರ ಕಣ್ಣಲ್ಲಿ ನೀರು ತುಂಬಿತ್ತು. ನಾನು ಕೇಳಿದೆ: ಹುಡುಗಿಯ ಮನಸ್ಸಿನೊಳಗೆ ಆದದ್ದು ಇವರಿಗೆ ಹೇಗೆ ತಿಳಿಯಿತು? ಬಾವಿಯ ಹತ್ತಿರ ಬೇರೆ ಯಾರಿದ್ದರು? ಹುಡುಗಿ ಏನು ಹೇಳುತ್ತಾಳೆ, ಅವಳನ್ನು ಯಾಕೆ ಕರೆತಂದಿಲ್ಲ? ಪ್ರಿನ್ಸಿಪಾಲರು ನನ್ನನ್ನು ತಡೆದರು. ನೊಂದ ಮನೆಯವರನ್ನು ಪೊಲೀಸರಂತೆ ವಿಚಾರಿಸಬಾರದು ಎಂದರು. ಮಗಳನ್ನು ಕಾಲೇಜು ಬಿಡಿಸುತ್ತೇನೆ ಎಂಬ ಕಾಗದಕ್ಕೆ ಅಪ್ಪ ರುಜು ಹಾಕಿದರು. ಅರ್ಧ ಗಂಟೆಯೊಳಗೆ ಭಾಗ್ಯಳ ಟಿ.ಸಿ. ಸಿದ್ಧವಾಗಿ ಶಿವಣ್ಣನ ಜೇಬು ಸೇರಿತು. ನಮ್ಮ ಕಾಲೇಜಿನಲ್ಲಿ ಮಕ್ಕಳು ಒಂದು ಟಿ.ಸಿ.ಗಾಗಿ ವಾರಗಟ್ಟಲೆ ಕಾಯುತ್ತಿದ್ದರು. ದೆವ್ವದ ಹೆಸರಿಗೆ ಮಾತ್ರ ಆಫೀಸು ಅಷ್ಟು ಚುರುಕಾಯಿತು.

ಸ್ಟಾಫ್ ರೂಮಿನಲ್ಲಿ ಆವತ್ತು ಇಡೀ ದಿನ ಅದೇ ಮಾತು. ಎಂ.ಎ. ಮಾಡಿದವರು, ಪಿಎಚ್.ಡಿ. ಮಾಡುತ್ತಿದ್ದವರು, ಪಾಪ ಹುಡುಗಿ ಎಂದು ತಲೆ ಅಲ್ಲಾಡಿಸಿದರು. ಆ ಮಾವ ಎಷ್ಟು ಒಳ್ಳೆಯವನು ಎಂದರು. ಒಬ್ಬರಿಗೂ ಅವಳನ್ನು ನೋಡಬೇಕು ಅನ್ನಿಸಲಿಲ್ಲ. ಮಾರನೆಯ ದಿನ ನನಗೆ ಮೆಮೊ ಬಂತು: ಮೂಢನಂಬಿಕೆ ಬೆಳೆಸುವ ಪಾಠವನ್ನು ಯಾಕೆ ಮಾಡಿದಿರಿ, ವಿವರಣೆ ಕೊಡಿ. ಅದು ನಿಗದಿಯಾದ ಪಠ್ಯ, ಮೂಢನಂಬಿಕೆಯನ್ನು ಬಿಡಿಸುವ ಪಾಠ ಎಂದು ಉತ್ತರ ಬರೆದೆ. ಪಠ್ಯದಲ್ಲಿದೆ ಅಂದಮಾತ್ರಕ್ಕೆ ಎಲ್ಲವನ್ನೂ ಬಿಡಿಸಿ ಹೇಳಬೇಕಾಗಿಲ್ಲ ಎಂಬ ಮಾತು ವಾಪಸು ಬಂತು. ಮೂವತ್ತು ವರ್ಷ ಹತ್ತಿರವಾದರೂ ಆ ವಾಕ್ಯ ನನಗೆ ಬಾಯಿಪಾಠ.

ನನ್ನ ಜೊತೆ ನಿಂತವರು ಲೈಬ್ರರಿಯ ಜುಬೇದಾ ಒಬ್ಬರೇ. ನಾಗಮಂಗಲದವರೇ, ಮಿತಭಾಷಿ. ನಮ್ಮಣ್ಣನ ಟೆಂಪೊ ಭಾನುವಾರ ಸುಮ್ಮನೆ ನಿಂತಿರುತ್ತದೆ, ಹೋಗಿ ನೋಡಿಕೊಂಡು ಬರೋಣ ಎಂದರು. ಹೋದೆವು.

ಊರು ಮಧ್ಯಾಹ್ನದ ಊಟ ಮುಗಿಸಿ ಜಗಲಿಗೆ ಬಂದಿತ್ತು. ಭಾಗ್ಯಳ ಅಪ್ಪ ನಮ್ಮನ್ನು ಕಂಡು ಮುಜುಗರಪಟ್ಟರು, ಆದರೂ ಚಾಪೆ ಹಾಕಿಸಿದರು. ತಾಯಿ ಜಯಮ್ಮ ಮಜ್ಜಿಗೆ ಕೊಟ್ಟು ಬಾಗಿಲ ಮರೆಗೆ ಸರಿದರು. ಜಯಮ್ಮನ ತಾಯಿ, ಶಿವಣ್ಣನನ್ನೂ ಹೆತ್ತ ಮುದುಕಿ, ಮೂಲೆಯಲ್ಲಿ ಅವರೆಕಾಯಿ ಬಿಡಿಸುತ್ತಾ ಕೂತಿದ್ದರು. ಹುಡುಗಿಯನ್ನು ನೋಡಬೇಕು ಎಂದೆ. ಅಪ್ಪ ಬಾಗಿಲ ಕಡೆ ನೋಡಿದರು. ಜುಬೇದಾ ಅಷ್ಟರಲ್ಲಿ ಎದ್ದು ಒಳಗೆ ಹೋಗಿಬಿಟ್ಟಿದ್ದರು. ನಾನೂ ಹಿಂದೆ ಹೋದೆ.

ಭಾಗ್ಯ ರಾಗಿ ಮೂಟೆಗಳ ಪಕ್ಕ ಗೋಡೆಗೊರಗಿ ಕೂತಿದ್ದಳು. ನನ್ನನ್ನು ಕಂಡು ಎದ್ದು ನಿಲ್ಲಲು ನೋಡಿದಳು. ಎರಡೂ ತೋಳುಗಳ ಮೇಲೆ ಬಾಸುಂಡೆ. ಗಾಳಿ ಬಿಡಿಸಬೇಕೆಂದು ಯಾರನ್ನೋ ಕರೆಸಿ ಹುಣಸೆ ಬರಲಿನಲ್ಲಿ ಹೊಡೆಸಿದ್ದರು. ಕರೆಸಿದವನು ಶಿವಣ್ಣ. ಏನಾಯಿತು ಎಂದು ಕೇಳಿದೆ. ಅವಳು ಅಳಲಿಲ್ಲ. ಬೇಸಿಗೆಯಲ್ಲಿ ಮಾವನ ಜೊತೆ ಮದುವೆ ಮಾತಾಯಿತು, ಡಿಗ್ರಿ ಮುಗಿಸುವವರೆಗೆ ಬೇಡ ಎಂದೆ, ಆಮೇಲೂ ಮಾವನನ್ನು ಆಗುವುದಿಲ್ಲ ಎಂದೆ, ನೆಂಟರ ಮುಂದೆಯೇ ಹೇಳಿಬಿಟ್ಟೆ, ಅಷ್ಟೇ ಮಿಸ್ ಎಂದಳು. ಬಾವಿಕಟ್ಟೆಯಲ್ಲಿ ಕೂತದ್ದು ನಿಜವಂತೆ. ಬಸ್ಸಿಳಿದು ನಡೆದು ಸಾಕಾಗಿ, ಮುಖ ತೊಳೆದು ಜಡೆ ಬಿಚ್ಚಿ ಕಟ್ಟಿಕೊಳ್ಳುತ್ತಿದ್ದಳಂತೆ.

ನಾನು ಹೊರಗೆ ಬಂದಾಗ ಸುದ್ದಿ ತಿಳಿದು ಕ್ರಾಸಿನಿಂದ ಶಿವಣ್ಣನೂ ಬಂದಿದ್ದ. ಊರಿನ ಹಿರಿಯರು ಮೂರ್ನಾಲ್ಕು ಜನ ಜಗಲಿ ಮೇಲೆ ಕೂತಿದ್ದರು. ನನಗೆ ಬಾಯಿಗೆ ಬಂದದ್ದನ್ನು ಅನ್ನಬೇಕು ಎನಿಸಿತು. ಅನ್ನತೊಡಗಿದೆ ಕೂಡ. ಹೆಣ್ಣುಮಗುವಿನ ಮೈಮೇಲೆ ಬಾಸುಂಡೆ ಏಳಿಸಿದವರು ಮನುಷ್ಯರೇ ಎಂದೆ. ಅಪ್ಪ ಮುಖ ತಿರುಗಿಸಿದರು. ಇದು ಮನೆ ವಿಚಾರ, ಕಾಲೇಜಿಗೂ ಇದಕ್ಕೂ ಸಂಬಂಧ ಇಲ್ಲ ಎಂದು ಹಿರಿಯರೊಬ್ಬರು ಹೇಳಿದರು. ನನ್ನ ಸಿಟ್ಟಿನಿಂದ ಅಲ್ಲಿ ಏನೂ ಕದಲಲಿಲ್ಲ.

ಆಗ ಭಾಗ್ಯ ತಾನೇ ಹೊರಗೆ ಬಂದಳು. ಬಾಗಿಲ ಕಂಬ ಹಿಡಿದು ನಿಂತು, ತರಗತಿಯಲ್ಲಿ ಮಾತಾಡುತ್ತಿದ್ದ ಅದೇ ದನಿಯಲ್ಲಿ ಕೇಳಿದಳು.

“ಮಾವ, ತಾತ ನನ್ನ ಬಾಯಲ್ಲಿ ಬಂದು ಏನಂದ? ನೀನು ಕೇಳುಸ್ಕಂಡಿದ್ದ ಅಂಗಂಗೇ ಯೋಳು.”

ಶಿವಣ್ಣನಿಗೆ ಕೇಳುಗರು ಸಿಕ್ಕರೆ ಸಾಕು. ಅವನು ಮತ್ತೆ ಕಣ್ಣು ತುಂಬಿಕೊಂಡು ಇಡೀ ಕಥೆ ಹೇಳಿದ. ಪ್ರಿನ್ಸಿಪಾಲರ ಮುಂದೆ ಹೇಳಿದ್ದಕ್ಕಿಂತಲೂ ಚೆನ್ನಾಗಿ ಹೇಳಿದ. “ಶಿವಣ್ಣಾ, ಶಿವಣ್ಣಾ ಅಂತ ಎಲ್ಡು ಸಲ ಕೂಗ್ದ ನಮ್ಮಪ್ಪ. ಅದೇ ದನಿ. ನನ್ನ ಕಳ್ಳು ಕಿತ್ತು ಬಂತು” ಎಂದ.

ಭಾಗ್ಯ ಮತ್ತೇನೂ ಕೇಳಲಿಲ್ಲ. ಸುಮ್ಮನೆ ನಿಂತಿದ್ದಳು. ಮೂಲೆಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದ ಅಜ್ಜಿಯ ಕೈ ನಿಂತಿತು.

“ನಿಮ್ಮಪ್ಪ ನಿನ್ನ ಶಿವಣ್ಣ ಅಂತ ಯಾವತ್ಲಾ ಕೂಗಿದ್ದ?” ಎಂದರು. “ಸಾಯಗಂಟ ಬೋರ, ಬೋರ ಅಂತ್ಲೇ ಕೂಗ್ದ. ಓಟ್ಲು ಮಡುಗ್ದ ಮ್ಯಾಲೆ ಅಂಗ್ ಕೂಗ್ಬ್ಯಾಡ ಅಂತ ನೀನು ಅವ್ನ ಕುಟ್ಟೆ ಮಾತೇ ಬುಟ್ಟಿದ್ದಲ್ಲೋ.”

ಹಿರಿಯರಲ್ಲಿ ಒಬ್ಬರಿಗೆ ನಗು ತಡೆಯಲಾಗಲಿಲ್ಲ. ಶಿವಣ್ಣನ ಮುಖದ ಮೇಲಿದ್ದ ಕಣ್ಣೀರು ಒಣಗಿದ್ದನ್ನು ನಾನು ನೋಡಿದೆ. ಸತ್ತವರು ಹೆಸರು ಹಿಡಿದು ಕರೆಯಬಾರದೇ ಎಂದೇನೋ ತೊದಲಿದ. ಆಮೇಲೆ ನಮ್ಮೆಲ್ಲರ ಮೇಲೂ ಹರಿಹಾಯ್ದ. ಅಕ್ಕನ ಮಗಳ ಒಳ್ಳೆಯದಕ್ಕೆ ಇಷ್ಟೆಲ್ಲ ಮಾಡಿದೆ, ಅದಕ್ಕೆ ಇದು ಪ್ರತಿಫಲವೇ ಎಂದ.

ಆಗ ಬಾಗಿಲ ಮರೆಯಿಂದ ಜಯಮ್ಮ ಮುಂದೆ ಬಂದರು. ಆಕೆ ಗಂಡನ ಕಡೆಗಾಗಲಿ ನಮ್ಮ ಕಡೆಗಾಗಲಿ ನೋಡಲಿಲ್ಲ. ತಮ್ಮನನ್ನೇ ನೋಡುತ್ತಾ, “ನನ್ನ ಒಲ್ಲೆ ಅಂದೋಳ್ನ ಯಾರೂ ಒಲ್ದಂಗೆ ಮಾಡ್ತೀನಿ ಅಂತ ಅಡ್ಗೆ ಮನೇಲಿ ನಿಂತ್ಕಂಡು ಅಂದೋನು ನೀನೇ ಅಲ್ವ” ಎಂದರು. “ನನ್ ತಮ್ಮ, ಸಿಟ್ಟಲ್ಲಿ ಅಂದವ್ನೆ, ಬುಡು ಅಂತ ಸುಮ್ಕಿದ್ದೆ.”

ಶಿವಣ್ಣ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ. ಅಪ್ಪ ತಲೆಯ ಮೇಲಿನ ಟವಲು ತೆಗೆದು ಮುಖ ಒರೆಸಿಕೊಂಡರು. ಬಹಳ ಹೊತ್ತು ಟವಲು ಮುಖದ ಮೇಲೇ ಇತ್ತು. ಜಯಮ್ಮ ಮಗಳ ತೋಳು ಮುಟ್ಟಲು ಹೋದಾಗ ಭಾಗ್ಯ ಹಿಂದಕ್ಕೆ ಸರಿದಳು. ಆ ತಾಯಿಯ ಮೇಲೆ ನನಗೆ ಬಂದ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ. ಮಗಳ ಮೈಮೇಲೆ ಏಟು ಬೀಳುವಾಗಲೂ ಆಕೆಗೆ ನಿಜ ಗೊತ್ತಿತ್ತು. ಆಕೆಗೆ ಸುಮ್ಮನಿರುವುದನ್ನು ಎಷ್ಟು ಎಳೆ ವಯಸ್ಸಿನಿಂದ ಕಲಿಸಿದ್ದರು ಎಂಬುದೂ ನನಗೆ ಗೊತ್ತಿದೆ. ಎರಡೂ ಒಟ್ಟಿಗೆ ಮನಸ್ಸಿನಲ್ಲಿ ಇವೆ, ಒಂದು ಇನ್ನೊಂದನ್ನು ಕರಗಿಸುವುದಿಲ್ಲ.

ಮುಂದಿನ ವಾರ ಅಪ್ಪ ತಾವೇ ಮಗಳನ್ನು ಕರೆದುಕೊಂಡು ಕಾಲೇಜಿಗೆ ಬಂದರು. ನಡೆದದ್ದನ್ನೆಲ್ಲ ಪ್ರಿನ್ಸಿಪಾಲರಿಗೆ ನಾನೂ ಹೇಳಿದೆ, ಅವರೂ ಹೇಳಿದರು. ಪ್ರಿನ್ಸಿಪಾಲರು ಕೈಮುಗಿದುಕೊಂಡೇ ಎಲ್ಲ ಕೇಳಿ, ಟಿ.ಸಿ. ಕೊಟ್ಟಾಗಿದೆ, ವರ್ಷದ ನಡುವೆ ಮತ್ತೆ ಸೇರಿಸಿಕೊಳ್ಳಲು ಬರುವುದಿಲ್ಲ, ಹಾಜರಾತಿಯೂ ಸಾಲದು ಎಂದರು. ಸುಳ್ಳು ಕೇಳಿ ಅರ್ಧ ಗಂಟೆಯಲ್ಲಿ ನಿಯಮ ಬಗ್ಗಿಸಿದವರು ಸತ್ಯಕ್ಕೆ ನಿಯಮ ತೋರಿಸಿದರು. ಹುಡುಗಿಯ ಒಂದು ವರ್ಷ ಹೋಯಿತು. ಅವರು ಕ್ಷಮೆ ಕೇಳುವುದಿರಲಿ, ನನ್ನ ಮೆಮೊವನ್ನು ಕೂಡ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಆ ಬೇಸಿಗೆಯಲ್ಲಿ ನನ್ನನ್ನು ಪಾಂಡವಪುರಕ್ಕೆ ವರ್ಗ ಮಾಡಿದರು.

ವರ್ಗದ ಆಜ್ಞೆ ಹಿಡಿದು ಹೋದ ಜೂನ್ ತಿಂಗಳಲ್ಲೇ ಪಾಂಡವಪುರದ ಕಾಲೇಜಿನ ಕಟ್ಟೆಯ ಮೇಲೆ ಅಪ್ಪ ಮಗಳು ಒಂದು ಟ್ರಂಕು ಇಟ್ಟುಕೊಂಡು ಕೂತಿದ್ದರು. ನೀವಿರುವ ಕಡೆ ಓದಲಿ ಎಂದು ಅಪ್ಪ ನೆಲ ನೋಡುತ್ತಾ ಹೇಳಿದರು. ಅವಳು ಹಾಸ್ಟೆಲ್ ಸೇರಿದಳು. ಮೊದಮೊದಲು ಯಾರಾದರೂ ಹಿಂದಿನಿಂದ ಕರೆದರೆ ಬೆಚ್ಚುತ್ತಿದ್ದಳು. ಕೆಲವು ತಿಂಗಳಾದ ಮೇಲೆ, ಮೇಲ್ವಿಚಾರಕನ ಕಥೆ ಮತ್ತೆ ಬಂದಾಗ, ನಾನು ಅವಳಿಗೆ ಹೊರಗೆ ಹೋಗಿರು ಎಂದೆ. ಅವಳು ಹೋಗಲಿಲ್ಲ. ಮುಂದಿನ ಬೆಂಚಿಗೆ ಬಂದು ಕೂತಳು.

ಪರೀಕ್ಷೆಯ ವಿಷಯ ಹೇಳಿದರೆ ನೀವು ನಗಬಹುದು, ನಾನು ನಗಲಾರೆ. ಪ್ರಶ್ನೆಪತ್ರಿಕೆಯಲ್ಲಿ ಕೇಳಿದ್ದು ‘ಮೇಲ್ವಿಚಾರಕನ ನಿಷ್ಠೆಯನ್ನು ವಿವರಿಸಿ’ ಎಂದು. ನಿಷ್ಠೆ ಎಂಬುದು ಅವನೇ ಹೇಳಿಕೊಂಡ ಮಾತು, ಅದಕ್ಕೆ ಬೇರೆ ಸಾಕ್ಷಿ ಇಲ್ಲ ಎಂದು ಭಾಗ್ಯ ಬರೆದಿದ್ದಳು. ಮೌಲ್ಯಮಾಪನದ ಕೋಣೆಯಲ್ಲಿ ನಾನಿದ್ದೆ. ಉತ್ತರದ ಮಾದರಿ ಎಂದು ನಮ್ಮ ಕೈಗೆ ಕೊಟ್ಟಿದ್ದು ಗೈಡಿನ ಸಾರಾಂಶ. ಹಾಗೆ ಬರೆಯದವರಿಗೆ ಅಂಕ ಕೊಡಬೇಡಿ ಎಂದರು. ಇದು ಕಥೆಯನ್ನೇ ಓದದವರು ಮಾಡಿದ ಮಾದರಿ ಎಂದು ಎದ್ದು ನಿಂತು ಹೇಳಿದೆ. ಮುಖ್ಯ ಪರೀಕ್ಷಕರು ಊಟದ ಹೊತ್ತಾಯಿತು ಎಂದರು. ಭಾಗ್ಯ ಇಂಗ್ಲಿಷಿನಲ್ಲಿ ಪಾಸಾದಳು ಅಷ್ಟೆ. ಗೈಡು ಬಾಯಿಪಾಠ ಮಾಡಿದ ಅವಳ ಪಕ್ಕದ ಹುಡುಗ ತರಗತಿಗೇ ಮೊದಲಿಗನಾದ. ಈಗಿನ ಮಾದರಿ ಉತ್ತರಗಳು ಬೇರೆ ಇವೆ ಎನ್ನುತ್ತೀರಿ. ಇರಬಹುದು. ಒಮ್ಮೆ ಓದಿ ನೋಡಿ ಹೇಳಿ.

ಅವಳು ಬಿ.ಎಡ್. ಮುಗಿಸಿ ಪಾಂಡವಪುರದ ಕಡೆಯ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಡಂ ಆದಳು. ಆಗ ದಶಕದ ಕೊನೆ. ಅವಳ ಹಳ್ಳಿಯಿಂದ ಅಷ್ಟು ಓದಿದ ಮೊದಲ ಹೆಣ್ಣುಮಗಳು ಎಂದು ಊರಿನ ಶಾಲೆಯಲ್ಲಿ ಸನ್ಮಾನ ಇಟ್ಟುಕೊಂಡರು. ನನ್ನನ್ನೂ ಜುಬೇದಾರನ್ನೂ ಕರೆದಿದ್ದರು. ಮಕ್ಕಳು ನೆಲದ ಮೇಲೆ, ದೊಡ್ಡವರು ಕುರ್ಚಿಗಳಲ್ಲಿ ಕೂತಿದ್ದರು. ವೇದಿಕೆಯ ಮೇಲೆ ಶಿವಣ್ಣ ಇದ್ದ. ಅಷ್ಟರಲ್ಲಿ ಅವನು ಪಂಚಾಯಿತಿ ಮೆಂಬರಾಗಿದ್ದ, ಮದುವೆಯಾಗಿದ್ದ, ಸ್ವಲ್ಪ ದಪ್ಪಗಾಗಿದ್ದ. ಅವನಿಗೆ ಯಾರೂ ಯಾವ ಶಿಕ್ಷೆಯನ್ನೂ ಕೊಟ್ಟಿರಲಿಲ್ಲ.

ಅವನು ಮೈಕಿನ ಮುಂದೆ ನಿಂತು ಮಾತು ಶುರುಮಾಡಿದ. ಈ ಮಗುವಿಗೆ ಒಂದು ಕಾಲದಲ್ಲಿ ಗಾಳಿ ಸೋಕಿತ್ತು, ಮನೆಯವರೆಲ್ಲ ಕೈಬಿಟ್ಟಿದ್ದರು, ತಾನೊಬ್ಬನೇ ಹಗಲೂ ರಾತ್ರಿ ಕಾವಲಿದ್ದು ಉಳಿಸಿಕೊಂಡೆ, ತಾನೇ ಹಠ ಹಿಡಿದು ಪಾಂಡವಪುರಕ್ಕೆ ಕಳಿಸಿ ಓದಿಸಿದೆ ಎಂದ. ಅವನ ಕಣ್ಣು ತುಂಬಿಬಂತು. ನಿಜವನ್ನು ಕಣ್ಣಾರೆ ಕಂಡಿದ್ದ ಜನರೇ ಚಪ್ಪಾಳೆ ತಟ್ಟಿದರು. ತಾನು ಸುಳ್ಳು ಹೇಳುತ್ತಿದ್ದೇನೆ ಎಂದು ಅವನಿಗೇ ಗೊತ್ತಿತ್ತೋ ಇಲ್ಲವೋ ನನಗೆ ಹೇಳಲಾಗದು. ನನಗೆ ಮೈ ಉರಿಯಿತು. ಕುರ್ಚಿಯಿಂದ ಎದ್ದೆ. ಜುಬೇದಾ ನನ್ನ ಸೆರಗು ಹಿಡಿದು ಕೂರಿಸಿದರು.

ಭಾಗ್ಯ ಎದ್ದು ನಿಂತಿದ್ದಳು. ಅವಳು ಮೈಕಿನವರೆಗೆ ನಡೆದು, ಮಾವನ ಮಾತು ಮುಗಿಯುವವರೆಗೆ ಪಕ್ಕದಲ್ಲಿ ನಿಂತು ಕಾದಳು. ಆಮೇಲೆ ಹಾರವನ್ನು ಕೊರಳಿಂದ ತೆಗೆದು ಮೇಜಿನ ಮೇಲಿಟ್ಟು, ನೆಲದ ಮೇಲೆ ಕೂತಿದ್ದ ಹೆಣ್ಣುಮಕ್ಕಳ ಕಡೆ ನೋಡಿದಳು.

“ನಮ್ಮಾವ ಯೋಳಿದ್ರಲ್ಲಿ ನನ್ನ ಹೆಸ್ರೊಂದು ನಿಜ ಕಣ್ರವ್ವ. ಮಿಕ್ಕಿದ್ದ ನಾನು ಯೋಳ್ತೀನಿ. ಯಾರೂ ಎದ್ದು ಹೋಗ್ಬ್ಯಾಡಿ.”